ಕುಂಟುಗಾಲಿ ಅಗೆದ ಮಣ್ಣು

ಮಣ್ಣನ್ನು ಕಣ್ಣಿನಿಂದ ನೋಡಿ ಅಳೆಯಬಾರದು ಎಂಬುದು ನನ್ನ ತಂದೆಯವರ ನಂಬಿಕೆಯಾಗಿತ್ತು. ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಅವರು ಹೊಲದ ಒಂದು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಗೇಣಾಳ ಕೆದಕಿ, ಕೆಳಗಿನ ಪದರದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಉಜ್ಜುತ್ತಿದ್ದರು. ಬಳಿಕ ಮೂಸಿ ನೋಡುತ್ತಿದ್ದರು. ಕೆಲವೊಮ್ಮೆ ನಾಲಿಗೆಯ ತುದಿಗೆ ಒಂದು ಕಣ ತಾಗಿಸಿಕೊಳ್ಳುವುದೂ ಉಂಟು. “ಮೇಲಿನ ಮಣ್ಣು ಗಾಳಿಗೆ ಸೇರಿದ್ದು, ಕೆಳಗಿನದು ಹೊಲಕ್ಕೆ ಸೇರಿದ್ದು” ಎನ್ನುತ್ತಿದ್ದರು. ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯನಾಗಿದ್ದ ನನಗೆ ಈ ಮಾತು ಹಳ್ಳಿಯ ಹಿರಿಯರೊಬ್ಬರ ರೂಢಿಯ ನುಡಿಯಾಗಿ ಮಾತ್ರ ಕೇಳಿಸುತ್ತಿತ್ತು. ಅದರ ಅರ್ಥ ನನಗಾದದ್ದು ಹಲವು ವರ್ಷಗಳ ನಂತರ. ಅದನ್ನು ತಿಳಿಸಿಕೊಟ್ಟದ್ದು ಕೋಟ್ಯಂತರ ಕಿಲೋಮೀಟರ್ ದೂರದ ಮಂಗಳ ಗ್ರಹದ ಮೇಲೆ ಕುಂಟುತ್ತಾ ಸಾಗಿದ ಒಂದು ಯಂತ್ರ.

2004ರ ಜನವರಿ 4ರಂದು ಅಮೆರಿಕದ ನಾಸಾ ಸಂಸ್ಥೆಯ ‘ಸ್ಪಿರಿಟ್’ ಎಂಬ ರೋವರ್ ಮಂಗಳದ ಗುಸೆವ್ ಕುಳಿಯಲ್ಲಿ ಇಳಿಯಿತು. ಮೂರು ವಾರಗಳ ಅನಂತರ ಅದರ ಅವಳಿಯಾದ ‘ಅಪಾರ್ಚುನಿಟಿ’ ಗ್ರಹದ ಮತ್ತೊಂದು ಮಗ್ಗುಲಿನಲ್ಲಿ ಇಳಿಯಿತು. ಇವಕ್ಕೆ ಹೆಸರು ಸೂಚಿಸಿದವಳು ಸೋಫಿ ಕಾಲಿಸ್ ಎಂಬ ಒಂಬತ್ತು ವರ್ಷದ ಬಾಲಕಿ. ಆಕೆ ಸೈಬೀರಿಯಾದಲ್ಲಿ ಹುಟ್ಟಿ ಅನಾಥಾಶ್ರಮದಲ್ಲಿದ್ದವಳು, ಅಮೆರಿಕದ ಕುಟುಂಬವೊಂದು ದತ್ತು ತೆಗೆದುಕೊಂಡ ಮಗು. ನಾನು ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ಕತ್ತರಿಸಿ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಲೆಂದು ಮನೆಯ ಮೇಜಿನ ಮೇಲೆ ಹರಡಿಕೊಂಡಿದ್ದೆ. ಕೊಯ್ಲು ಮುಗಿಸಿ ನಮ್ಮಲ್ಲಿಗೆ ಬಂದಿದ್ದ ತಂದೆ ಕನ್ನಡಕ ಏರಿಸಿ ಅವುಗಳನ್ನು ಬಹಳ ಹೊತ್ತು ನೋಡಿದರು. ಕೆಂಪು ನೆಲ, ಅಲ್ಲಲ್ಲಿ ಚದುರಿದ ಕಲ್ಲು, ದೂರದಲ್ಲಿ ಸಣ್ಣ ಗುಡ್ಡಗಳು.

“ನಮ್ಮ ಮೇಲ್ಹೊಲ ಇದ್ದಂಗೇ ಇದೆಯಲ್ಲೋ. ನೀರಿತ್ತಂತಾ ಅಲ್ಲಿ?” ಎಂದು ಕೇಳಿದರು.

ನಾನು ನಕ್ಕುಬಿಟ್ಟೆ. ಆದರೆ ಅಷ್ಟು ದೊಡ್ಡ ಯೋಜನೆ ಹೊರಟದ್ದೇ ಆ ಒಂದು ಪ್ರಶ್ನೆಯನ್ನು ಹಿಡಿದುಕೊಂಡು. ಸುಮಾರು 180 ಕಿಲೋ ತೂಕದ, ಆರು ಗಾಲಿಗಳ, ಬಿಸಿಲಿನ ಶಕ್ತಿಯಿಂದ ನಡೆಯುವ ಆ ಬಂಡಿಗೆ ಒಂದು ತೋಳಿತ್ತು. ಆ ತೋಳಿನ ತುದಿಯಲ್ಲಿ ಕಲ್ಲಿನ ಮೇಲ್ಪದರವನ್ನು ಉಜ್ಜಿ ತೆಗೆಯುವ ಸಾಧನ, ಕಣಗಳನ್ನು ಹಿಗ್ಗಿಸಿ ತೋರಿಸುವ ಕ್ಯಾಮೆರಾ, ಮೂಲವಸ್ತುಗಳನ್ನು ಗುರುತಿಸುವ ಉಪಕರಣಗಳು ಇದ್ದವು. ಅಂದರೆ ನನ್ನ ತಂದೆ ಅಂಗೈ, ಮೂಗು, ನಾಲಿಗೆಗಳಿಂದ ಮಾಡುತ್ತಿದ್ದ ಕೆಲಸವನ್ನೇ ಅದು ತನ್ನ ರೀತಿಯಲ್ಲಿ ಮಾಡುತ್ತಿತ್ತು.

“ಅದನ್ನ ಓಡಿಸೋರು ಯಾರು?” ಎಂದು ತಂದೆ ಕೇಳಿದರು. ಕ್ಯಾಲಿಫೋರ್ನಿಯಾದಲ್ಲಿ ಕುಳಿತ ತಂತ್ರಜ್ಞರು ಒಂದು ದಿನದ ಕೆಲಸವನ್ನೆಲ್ಲ ಮೊದಲೇ ಬರೆದು ಕಳುಹಿಸುತ್ತಾರೆ. ಆ ಸಂದೇಶ ಬೆಳಕಿನ ವೇಗದಲ್ಲಿ ಹೋದರೂ ತಲುಪಲು ಸುಮಾರು 3ರಿಂದ 22 ನಿಮಿಷ ಬೇಕಾಗುತ್ತದೆ. ಆದುದರಿಂದ ಮುಂದೆ ಹಳ್ಳವಿದ್ದರೆ ಕೂಗಿ ನಿಲ್ಲಿಸಲು ಸಾಧ್ಯವಿಲ್ಲ ಎಂದು ವಿವರಿಸಿದೆ. “ಹಂಗಾದ್ರೆ ನಿಧಾನಕ್ಕೆ ಹೋಗ್ಲಿ” ಎಂದು ಅವರು ಚಿತ್ರವನ್ನು ಕೆಳಗಿಟ್ಟರು.

ಮಂಗಳದ ಮಣ್ಣನ್ನು ಮಾತನಾಡಿಸುವ ಪ್ರಯತ್ನ ಅದಕ್ಕೂ ಹಿಂದೆಯೇ ನಡೆದಿತ್ತು. 1976ರಲ್ಲಿ ಇಳಿದ ಎರಡು ವೈಕಿಂಗ್ ನೌಕೆಗಳು ನಿಂತಲ್ಲಿಯೇ ನಿಂತು, ಕೈ ಚಾಚಿ ಮಣ್ಣನ್ನು ಬಾಚಿ, ಅದಕ್ಕೆ ಪೋಷಕ ದ್ರವವನ್ನು ಉಣಿಸಿ ನೋಡಿದ್ದವು. ಸೂಕ್ಷ್ಮಜೀವಿಗಳಿದ್ದರೆ ಆ ಆಹಾರವನ್ನು ತಿಂದು ಅನಿಲ ಬಿಡಬೇಕು ಎಂಬುದು ಲೆಕ್ಕಾಚಾರ. ಒಂದು ಪ್ರಯೋಗದಲ್ಲಿ ಅನಿಲವೇನೋ ಬಂದಿತು. ಆದರೆ ಮತ್ತೊಂದು ಉಪಕರಣಕ್ಕೆ ಆ ಮಣ್ಣಿನಲ್ಲಿ ಜೀವಕ್ಕೆ ಬೇಕಾದ ಇಂಗಾಲದ ಸಂಯುಕ್ತಗಳು ಕಾಣಲಿಲ್ಲ. ಹೌದು ಎಂದು ಒಂದು ಸಾಕ್ಷಿ, ಇಲ್ಲ ಎಂದು ಇನ್ನೊಂದು. ವಿಜ್ಞಾನಿಗಳು ದಶಕಗಳ ಕಾಲ ಈ ಗೊಂದಲದಲ್ಲಿ ಉಳಿದರು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಉತ್ತರ ಬಯಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣವನ್ನು ಕಂಡಿತು. ಬಿಸಿ ಮಾಡಿದಾಗ ಇಂಗಾಲದ ಸಂಯುಕ್ತಗಳನ್ನು ಸುಟ್ಟುಹಾಕುವ ಗುಣ ಈ ಲವಣಕ್ಕಿದೆ. ಪರೀಕ್ಷೆಗೆಂದು ಮಣ್ಣನ್ನು ಕಾಯಿಸಿದಾಗ ಹುಡುಕುತ್ತಿದ್ದ ವಸ್ತುವೇ ನಾಶವಾಗಿರಬಹುದೆಂಬ ವಿಚಾರ ಆಗ ಬಲಗೊಂಡಿತು. ಇದರ ನಡುವೆ ವಿಜ್ಞಾನಿಗಳು ತಮ್ಮ ಪ್ರಶ್ನೆಯನ್ನು ಬದಲಾಯಿಸಿಕೊಂಡಿದ್ದರು. “ಇಲ್ಲಿ ಯಾರಾದರೂ ಇದ್ದಾರೆಯೇ?” ಎಂದು ಕೇಳುವ ಮೊದಲು “ಇಲ್ಲಿ ಇರಲು ಸಾಧ್ಯವಿತ್ತೇ?” ಎಂದು ಕೇಳುವುದು ವಿವೇಕ ಎಂದು ಅವರಿಗೆ ಮನವರಿಕೆಯಾಗಿತ್ತು. ವಾಸಯೋಗ್ಯತೆ ಎಂಬ ಮಾತಿನ ಹಿಂದಿರುವುದು ಇದೇ.

ಸ್ಪಿರಿಟ್‌ಗೆ ಆರಂಭದಲ್ಲಿ ನಿರಾಶೆಯೇ ಕಾದಿತ್ತು. ಗುಸೆವ್ ಕುಳಿಗೆ ಹಳೆಯ ನದೀಪಾತ್ರದಂತಹ ಕಣಿವೆಯೊಂದು ಬಂದು ಸೇರುವುದರಿಂದ ಅಲ್ಲಿ ಕೆರೆಯ ಹೂಳು ಸಿಗುವುದೆಂದು ಎಲ್ಲರೂ ನಿರೀಕ್ಷಿಸಿದ್ದರು. ಸಿಕ್ಕಿದ್ದು ಜ್ವಾಲಾಮುಖಿಯ ಕಲ್ಲು. ಅವಳಿ ಅಪಾರ್ಚುನಿಟಿಯಾದರೋ ಇಳಿದ ಜಾಗದಲ್ಲಿಯೇ ನೀರಿನ ಗುರುತುಳ್ಳ ಬಂಡೆಗಳನ್ನೂ ಕಬ್ಬಿಣದ ಅದಿರಿನ ಪುಟ್ಟ ಗುಂಡುಗಳನ್ನೂ ಕಂಡು ಜಗತ್ತಿನ ಗಮನ ಸೆಳೆಯಿತು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಎಲ್ಲವೂ ಕೈಗೂಡಿ, ಇನ್ನೊಬ್ಬ ದುಡಿದು ದುಡಿದು ಬರಿಗೈಯಲ್ಲಿ ನಿಂತಂತೆ. ಸ್ಪಿರಿಟ್ ಎರಡೂವರೆ ಕಿಲೋಮೀಟರಿನಷ್ಟು ದೂರದ ಕೊಲಂಬಿಯಾ ಗುಡ್ಡಗಳತ್ತ ಹೊರಟಿತು. ತೊಂಬತ್ತು ದಿನಗಳ ಆಯುಸ್ಸೆಂದು ಎಣಿಸಿದ್ದ ಯಂತ್ರ ಅಲ್ಲಿಗೆ ತಲುಪುವ ಹೊತ್ತಿಗೇ ಆ ಅವಧಿಯನ್ನು ಮೀರಿತ್ತು.

ನಮ್ಮ ಮನೆಯಲ್ಲಿ 2005ರ ಮಳೆಗಾಲ ಕಷ್ಟದ್ದಾಗಿತ್ತು. ತಂದೆಗೆ ಲಕ್ವ ಹೊಡೆದು ಎಡಗಾಲು, ಎಡಗೈಗಳ ಬಲ ಹೋಯಿತು. ತಾಯಿ ಆಗಲೇ ತೀರಿಕೊಂಡಿದ್ದರು. ನಾನು ತಂದೆಯನ್ನು ಪಟ್ಟಣದ ನಮ್ಮ ಮನೆಗೆ ಕರೆತಂದೆ. ಅವರಿಗೆ ಪ್ರತ್ಯೇಕ ಕೋಣೆ, ಕೈಗೆಟಕುವ ಶೌಚಾಲಯ, ಹೊತ್ತಿಗೆ ಸರಿಯಾಗಿ ಊಟ, ಔಷಧ, ವಾರಕ್ಕೆರಡು ಬಾರಿ ವ್ಯಾಯಾಮ ಮಾಡಿಸುವವರು, ಇವೆಲ್ಲವನ್ನೂ ಒದಗಿಸಿದೆ. ಮಗನಾಗಿ ಮಾಡಬೇಕಾದುದರಲ್ಲಿ ಏನೂ ಕೊರತೆಯಾಗಿಲ್ಲವೆಂಬ ತೃಪ್ತಿ ನನಗಿತ್ತು. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಬೆರೆತಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ತಂದೆಯ ಮಾತು ದಿನದಿಂದ ದಿನಕ್ಕೆ ಕಡಮೆಯಾಗತೊಡಗಿತು. ಕೇಳಿದ್ದಕ್ಕೆ ಉತ್ತರ, ಕೊಟ್ಟಿದ್ದಕ್ಕೆ ಊಟ, ಅಷ್ಟೆ. ಕಿಟಕಿಯಾಚೆಗೆ ಕಾಂಕ್ರೀಟಿನ ಅಂಗಳವಿತ್ತು. ಅದನ್ನೇ ನೋಡುತ್ತಾ ಕುಳಿತಿರುತ್ತಿದ್ದರು.

2006ರ ಮಾರ್ಚ್ ತಿಂಗಳಿನಲ್ಲಿ ಸ್ಪಿರಿಟ್‌ನ ಬಲಮುಂಗಾಲಿ ತಿರುಗುವುದನ್ನು ನಿಲ್ಲಿಸಿತು. ಚಳಿಗಾಲ ಹತ್ತಿರವಾಗಿತ್ತು, ಬಿಸಿಲಿಗೆ ಮುಖ ಮಾಡುವ ಇಳಿಜಾರನ್ನು ತಲುಪದಿದ್ದರೆ ಯಂತ್ರ ಸಾಯುತ್ತಿತ್ತು. ತಂತ್ರಜ್ಞರು ಒಂದು ಉಪಾಯ ಕಂಡುಕೊಂಡರು. ಬಂಡಿಯನ್ನು ಹಿಮ್ಮುಖವಾಗಿ ನಡೆಸಿ, ಕೆಟ್ಟ ಗಾಲಿಯನ್ನು ಹಿಂದಿನಿಂದ ಎಳೆದುಕೊಂಡು ಬರುವಂತೆ ಮಾಡಿದರು. ನಾನು ಇದನ್ನು ತಂದೆಗೆ ಅರ್ಧ ತಮಾಷೆಯಾಗಿ ಹೇಳಿದೆ: “ಅಪ್ಪಾ, ಮಂಗಳದಲ್ಲೂ ಒಬ್ಬ ಕುಂಟುತ್ತಿದ್ದಾನೆ.” ಅವರು ನಗಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, “ನಡೀತಿದೆಯಲ್ಲಾ?” ಎಂದರು. ಮರುದಿನ ಬೆಳಿಗ್ಗೆ ತಮ್ಮನ್ನು ಊರಿಗೆ ಬಿಟ್ಟುಬರಬೇಕೆಂದು ಕೇಳಿದರು.

ಆ ದಿನ ನಾನಾಡಿದ ಮಾತನ್ನು ಬರೆಯಲು ಇಂದಿಗೂ ಸಂಕೋಚವಾಗುತ್ತದೆ. “ಆ ಕಾಲಿಟ್ಟುಕೊಂಡು ಅಲ್ಲಿ ಹೋಗಿ ಏನು ಮಾಡ್ತೀಯ?” ಎಂದೆ. ಅವರ ಸುರಕ್ಷತೆಗಾಗಿಯೇ ಹಾಗೆಂದೆನೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಸಂಗತಿ ಬೇರೆಯೇ ಇತ್ತು. ಹೊಲವನ್ನು ಮಾರಿ ಆ ಹಣದಲ್ಲಿ ಮನೆಯ ಸಾಲ ತೀರಿಸುವ ಆಲೋಚನೆ ನನ್ನಲ್ಲಿ ಮೊಳೆತಿತ್ತು. ಕೊಳ್ಳುವವರೊಬ್ಬರೊಂದಿಗೆ ಮಾತೂ ಆಗಿತ್ತು. ತಂದೆಗೆ ಇದು ತಿಳಿದಿತ್ತೋ ಇಲ್ಲವೋ ನಾನರಿಯೆ. ಅವರು ಮರುಮಾತಾಡಲಿಲ್ಲ. ಮತ್ತೆ ಒಂದು ವರ್ಷ ಅದೇ ಕಿಟಕಿಯ ಬಳಿ ಕಳೆದರು.

2007ರ ಮೇ ತಿಂಗಳಿನಲ್ಲಿ, ಶಾಲೆಗೆ ಬೇಸಿಗೆ ರಜೆಯಿದ್ದಾಗ, ಸ್ಪಿರಿಟ್ ಕುರಿತ ಸುದ್ದಿಯೊಂದನ್ನು ಓದಿದೆ. ಎಳೆದುಕೊಂಡು ಬರುತ್ತಿದ್ದ ಗಾಲಿ ನೆಲವನ್ನು ನೇಗಿಲಿನಂತೆ ಕೆರೆಯುತ್ತಾ ಬಂದಿತ್ತು. ಆ ಗೆರೆಯ ಒಂದು ಕಡೆ, ಕೆಂಪು ಧೂಳಿನ ಕೆಳಗಿನಿಂದ, ಬೆಳ್ಳನೆಯ ಮಣ್ಣು ಮೇಲೆ ಬಂದಿತ್ತು. ಪರೀಕ್ಷಿಸಿದಾಗ ಅದರಲ್ಲಿ ಶೇಕಡ 90ರಷ್ಟು ಸಿಲಿಕಾ ಇರುವುದು ತಿಳಿಯಿತು. ಅಷ್ಟು ಶುದ್ಧವಾದ ಸಿಲಿಕಾ ಒಂದೆಡೆ ಶೇಖರವಾಗಬೇಕಾದರೆ ನೀರು ಬೇಕು. ಬಿಸಿನೀರಿನ ಬುಗ್ಗೆಯೋ ನೆಲದಿಂದ ಹೊಮ್ಮುವ ಆಮ್ಲಯುಕ್ತ ಹಬೆಯೋ ಅಲ್ಲಿ ಇದ್ದಿರಬೇಕು. ನಮ್ಮ ಭೂಮಿಯಲ್ಲಿ ಅಂತಹ ತಾಣಗಳು ಸೂಕ್ಷ್ಮಜೀವಿಗಳಿಂದ ತುಂಬಿ ತುಳುಕುತ್ತವೆ. ಸ್ಪಿರಿಟ್ ತನ್ನ ಜೀವಮಾನದಲ್ಲಿ ಕಂಡ ಅತಿ ಮುಖ್ಯ ಸಂಗತಿಗಳಲ್ಲಿ ಇದೂ ಒಂದು. ಆರೂ ಗಾಲಿಗಳು ಸರಿಯಾಗಿದ್ದರೆ ಅದು ಆ ಜಾಗದ ಮೇಲೆ ಸರಾಗವಾಗಿ ಉರುಳಿ ಮುಂದೆ ಹೋಗಿಬಿಡುತ್ತಿತ್ತು.

ಪತ್ರಿಕೆಯನ್ನು ಮಡಿಸಿಟ್ಟು ತಂದೆಯ ಕೋಣೆಯ ಬಾಗಿಲಲ್ಲಿ ನಿಂತೆ. ಅವರಿಗೆ ಏನನ್ನೂ ಓದಿ ಹೇಳಲಿಲ್ಲ. “ನಾಳೆ ಊರಿಗೆ ಹೋಗೋಣವಾ?” ಎಂದು ಮಾತ್ರ ಕೇಳಿದೆ.

ಒಂದು ವಾರಕ್ಕೆಂದು ಹೋದವರು ಅಲ್ಲಿಯೇ ನಿಂತರು. ಅದೇ ಊರಿನಲ್ಲಿದ್ದ ನನ್ನ ತಂಗಿಯ ಮನೆಯವರು ನೋಡಿಕೊಳ್ಳಲು ಒಪ್ಪಿದರು. ನಾನು ಶನಿವಾರ ಹೋಗಿ ಭಾನುವಾರ ಸಂಜೆ ಹಿಂದಿರುಗುತ್ತಿದ್ದೆ. ಪವಾಡವೇನೂ ನಡೆಯಲಿಲ್ಲ. ಕಾಲಿಗೆ ಬಲ ಬರಲಿಲ್ಲ. ಎರಡು ಬಾರಿ ಬಿದ್ದರು. ಒಮ್ಮೆ ಹಣೆಗೆ ಹೊಲಿಗೆ ಹಾಕಿಸಬೇಕಾಯಿತು. ಆಗ ನನ್ನ ನಿರ್ಧಾರ ತಪ್ಪೇನೋ ಎಂದು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೊರಳಾಡಿದೆ. ಆದರೂ ದಿನಾ ಬೆಳಿಗ್ಗೆ ಅವರು ಕೋಲೂರಿಕೊಂಡು, ಎಡಗಾಲನ್ನು ಎಳೆಯುತ್ತಾ, ಬದುವಿನವರೆಗೆ ಹೋಗುತ್ತಿದ್ದರು. ಮಳೆ ಬಿದ್ದ ನೆಲದಲ್ಲಿ ಒಂದು ಕಡೆ ಹೆಜ್ಜೆಗುರುತು, ಇನ್ನೊಂದು ಕಡೆ ಉದ್ದನೆಯ ಗೆರೆ. ಹೊಲ ಗುತ್ತಿಗೆಗೆ ಮಾಡುತ್ತಿದ್ದ ಪಕ್ಕದ ಮನೆಯ ಹುಡುಗನನ್ನು ಕರೆದು ಮಣ್ಣು ತೆಗೆಸಿ, ಬಲಗೈಯಲ್ಲಿ ಉಜ್ಜಿ, ಮೂಸಿ, “ಇನ್ನೆರಡು ದಿನ ತಡಿ, ಇನ್ನೂ ಹದ ಬಂದಿಲ್ಲ” ಎಂದು ಹೇಳುತ್ತಿದ್ದರು. ಆ ಹುಡುಗ ಇಂದು ಊರಿನ ಒಳ್ಳೆಯ ಬೇಸಾಯಗಾರರಲ್ಲಿ ಒಬ್ಬ. ಹದ ನೋಡುವುದನ್ನು ತಾನು ಕಲಿತದ್ದು ಆ ಮೂರು ವರ್ಷಗಳಲ್ಲಿ ಎಂದು ಹೇಳುತ್ತಾನೆ. ಮಗನಾದ ನಾನು ಕಲಿಯದೇ ಹೋದುದನ್ನು ಅವನು ಕಲಿತ.

2009ರಲ್ಲಿ ಸ್ಪಿರಿಟ್ ಮೆದುವಾದ ಮರಳಿನಲ್ಲಿ ಹೂತುಹೋಯಿತು. ಮೇಲಿನ ತೊಗಟೆಯಂತಹ ಪದರ ಒಡೆದು ಗಾಲಿಗಳು ಕುಸಿದಾಗ ಅಲ್ಲಿಯೂ ಸಲ್ಫೇಟ್ ಲವಣಗಳು ಬೆಳಕಿಗೆ ಬಂದವು. ಬಿಡಿಸಲು ನಡೆದ ತಿಂಗಳುಗಟ್ಟಲೆಯ ಪ್ರಯತ್ನ ಫಲಿಸಲಿಲ್ಲ. 2010ರ ಮಾರ್ಚ್ 22ರಂದು ಅದರ ಕೊನೆಯ ಸಂಕೇತ ಭೂಮಿಗೆ ಬಂದಿತು. ಆರು ವರ್ಷಗಳಲ್ಲಿ ಅದು ನಡೆದದ್ದು 7.7 ಕಿಲೋಮೀಟರ್, ನಮ್ಮೂರಿನಿಂದ ಸಂತೆಗೆ ಹೋಗಿಬರುವಷ್ಟು ದೂರ. ಅದೇ ವರ್ಷದ ಮುಂಗಾರಿನಲ್ಲಿ ತಂದೆ ತೀರಿಕೊಂಡರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಇಚ್ಛೆ ನನಗಿಲ್ಲ. ಯಂತ್ರ ಯಂತ್ರವೇ, ತಂದೆ ತಂದೆಯೇ. ಆದರೆ ಒಂದರ ಕತೆ ನನಗೆ ಇನ್ನೊಬ್ಬರನ್ನು ನೋಡುವ ಕಣ್ಣು ಕೊಟ್ಟಿತೆಂಬುದನ್ನು ಮರೆಮಾಚಲಾರೆ.

ಆಮೇಲಿನ ಕತೆಯನ್ನು ತಂದೆ ಕೇಳಿದ್ದರೆ ಸಂತೋಷಪಡುತ್ತಿದ್ದರು. 2012ರ ಆಗಸ್ಟ್ 6ರಂದು, 900 ಕಿಲೋ ತೂಕದ ‘ಕ್ಯೂರಿಯಾಸಿಟಿ’ ರೋವರ್ 154 ಕಿಲೋಮೀಟರ್ ಅಗಲದ ಗೇಲ್ ಕುಳಿಯಲ್ಲಿ ಇಳಿಯಿತು. ಮೊದಲು ಅದು ಮರಳನ್ನು ಬಾಚಿ ಒಲೆಯಲ್ಲಿಟ್ಟು ಕಾಯಿಸಿತು. ತೂಕದ ಸುಮಾರು ಶೇಕಡ 2ರಷ್ಟು ನೀರು ಹಬೆಯಾಗಿ ಹೊರಬಂದಿತು. 2013ರ ಫೆಬ್ರವರಿಯಲ್ಲಿ ಅದು ಬಂಡೆಯೊಂದಕ್ಕೆ 6.4 ಸೆಂಟಿಮೀಟರ್ ಆಳದ ರಂಧ್ರ ಕೊರೆಯಿತು. ಬೇರೆಯ ಗ್ರಹವೊಂದರ ಬಂಡೆಯ ಒಳಗಿನಿಂದ ರೋವರ್ ಮಾದರಿ ಕೊರೆದು ತೆಗೆದದ್ದು ಅದೇ ಮೊದಲು. ಹೊರಬಂದ ಪುಡಿ ಕೆಂಪಾಗಿರಲಿಲ್ಲ, ಬೂದು ಬಣ್ಣದ್ದಾಗಿತ್ತು. ಇಡೀ ಗ್ರಹವನ್ನು ಕೆಂಪಾಗಿ ಕಾಣಿಸುವ ತುಕ್ಕು ಮೇಲಿನ ಪದರದ್ದು ಮಾತ್ರ. ಮೇಲಿನ ಮಣ್ಣು ಗಾಳಿಗೆ ಸೇರಿದ್ದು ಎಂಬ ಮಾತು ನನಗೆ ಆಗ ನೆನಪಾಯಿತು.

ಆ ಪುಡಿಯಲ್ಲಿ ಐದನೆಯ ಒಂದು ಭಾಗದಷ್ಟು ಜೇಡಿಮಣ್ಣಿನ ಖನಿಜಗಳಿದ್ದವು. ಗಂಧಕ, ಸಾರಜನಕ, ಜಲಜನಕ, ಆಮ್ಲಜನಕ, ರಂಜಕ, ಇಂಗಾಲ ಎಲ್ಲವೂ ಇದ್ದವು. ಒಂದು ಕಾಲಕ್ಕೆ ಅಲ್ಲಿ ನಿಂತಿದ್ದ ನೀರು ಹೆಚ್ಚು ಹುಳಿಯೂ ಅಲ್ಲ, ಹೆಚ್ಚು ಉಪ್ಪೂ ಅಲ್ಲ. ಕುಡಿಯಬಹುದಾದಂತಹದು ಎಂದು ವಿಜ್ಞಾನಿಗಳು ನಿರ್ಣಯಿಸಿದರು. ಪುರಾತನ ಮಂಗಳ ಸೂಕ್ಷ್ಮಜೀವಿಗಳಿಗೆ ವಾಸಯೋಗ್ಯವಾಗಿತ್ತು ಎಂದು 2013ರ ಮಾರ್ಚ್‌ನಲ್ಲಿ ಪ್ರಕಟಿಸಿದರು. ಅಲ್ಲಿ ಜೀವವಿತ್ತು ಎಂದು ಅವರು ಹೇಳಲಿಲ್ಲ. ಇರಲು ಅಡ್ಡಿಯಿರಲಿಲ್ಲ ಎಂದಷ್ಟೇ ಹೇಳಿದರು.

2016ರ ಡಿಸೆಂಬರಿನಲ್ಲಿ ಕ್ಯೂರಿಯಾಸಿಟಿಯ ಬೈರಿಗೆಯೂ ಕೆಟ್ಟಿತು. ಒಂದೂವರೆ ವರ್ಷ ಇಲ್ಲಿಯೇ ಪ್ರಯೋಗ ನಡೆಸಿದ ತಂತ್ರಜ್ಞರು, ತೋಳಿನ ಒತ್ತಡದಿಂದಲೇ ಕೊರೆಯುವ ಹೊಸ ವಿಧಾನವನ್ನು ಅದಕ್ಕೆ ಕಲಿಸಿ 2018ರಲ್ಲಿ ಮತ್ತೆ ಕೆಲಸಕ್ಕೆ ಹಚ್ಚಿದರು. ಅದು 2013ರಲ್ಲಿಯೇ ತೆಗೆದಿದ್ದ ಒಂದು ಮಾದರಿಯಲ್ಲಿ ಉದ್ದನೆಯ ಸರಪಳಿಯ ಇಂಗಾಲದ ಅಣುಗಳಿರುವುದು 2025ರಲ್ಲಿ ಪ್ರಕಟವಾಯಿತು. 2021ರ ಫೆಬ್ರವರಿ 18ರಂದು ‘ಪರ್ಸೆವೆರೆನ್ಸ್’ ಜೆಜೆರೊ ಕುಳಿಯಲ್ಲಿ ಇಳಿದಾಗ, ಅದು ನೆಲ ಮುಟ್ಟಿದ ಸುದ್ದಿಯನ್ನು ಜಗತ್ತಿಗೆ ಸಾರಿದ ದನಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್ ಅವರದು. ಆ ರೋವರ್ 2024ರಲ್ಲಿ ಚಿರತೆಯ ಚುಕ್ಕೆಗಳಂತಹ ಗುರುತುಗಳಿರುವ ಬಂಡೆಯನ್ನು ಕಂಡಿತು. ಅದು ಜೀವದ ಕುರುಹಾಗಿರಬಹುದು, ಜೀವವಿಲ್ಲದ ರಾಸಾಯನಿಕ ಕ್ರಿಯೆಯೂ ಆಗಿರಬಹುದು ಎಂದು ವಿಜ್ಞಾನಿಗಳು ಎಚ್ಚರದಿಂದಲೇ ಮಾತನಾಡಿದರು. ನಮ್ಮ ‘ಪ್ರಜ್ಞಾನ್’ ಕೂಡ 2023ರಲ್ಲಿ ಚಂದ್ರನ ಮಣ್ಣಿನಲ್ಲಿ ಗಂಧಕವಿರುವುದನ್ನು ಖಚಿತಪಡಿಸಿತು. ಅದಕ್ಕೆ ಬಳಸಿದ ಲೇಸರ್ ಉಪಕರಣ ಸಿದ್ಧವಾದದ್ದು ಬೆಂಗಳೂರಿನಲ್ಲಿ.

ಇಷ್ಟನ್ನೆಲ್ಲ ಓದುವಾಗ ನನ್ನನ್ನು ಕಾಡುವುದು ಆ ವಾಸಯೋಗ್ಯತೆ ಎಂಬ ಪದ. ನಮ್ಮ ಪಟ್ಟಣದ ಮನೆಯಲ್ಲಿ ನನ್ನ ತಂದೆಗೆ ಬೇಕಾದ ಪದಾರ್ಥಗಳೆಲ್ಲ ಇದ್ದವು. ಪಟ್ಟಿ ಮಾಡಿ ಗುರುತು ಹಾಕಿದ್ದರೆ ಒಂದೂ ಬಿಟ್ಟುಹೋಗುತ್ತಿರಲಿಲ್ಲ. ಆದರೂ ಅವರು ಅಲ್ಲಿ ಉಳಿದಿದ್ದರೇ ಹೊರತು ಬದುಕಿರಲಿಲ್ಲ. ಇರಬಹುದಾದ ಜಾಗಕ್ಕೂ ಬಾಳುವ ಜಾಗಕ್ಕೂ ನಡುವಿನ ಅಂತರವನ್ನು ಯಾವ ಉಪಕರಣವೂ ಅಳೆಯಲಾರದು. ಆದರೆ ಮನೆಯವರು ಅಳೆಯಬಹುದಿತ್ತು. ಅವರು ಯಾರಿಗೋ ಬೇಕಾಗಿರಬೇಕಿತ್ತು, ಅವರು ಬಲ್ಲ ವಿಷಯವನ್ನು ಕೇಳುವವರೊಬ್ಬರು ಇರಬೇಕಿತ್ತು. ನಾನು ಮೇಲಿನ ಪದರವನ್ನಷ್ಟೇ ನೋಡಿ ಎಲ್ಲವೂ ಸರಿಯಾಗಿದೆಯೆಂದು ನಂಬಿದ್ದೆ. ಇಂದು ನಮ್ಮ ಅನೇಕ ಮನೆಗಳಲ್ಲಿ ಕಿಟಕಿಯ ಬಳಿ ಕುಳಿತಿರುವ ಹಿರಿಯರನ್ನು ಕಂಡಾಗ, ಅವರ ಮಕ್ಕಳಿಗೆ ಬುದ್ಧಿ ಹೇಳುವ ಧೈರ್ಯ ನನಗೆ ಬರುವುದಿಲ್ಲ. ನಾನೂ ಎರಡು ವರ್ಷ ಅದೇ ತಪ್ಪನ್ನು ಪ್ರೀತಿಯ ಹೆಸರಿನಲ್ಲಿ ಮಾಡಿದವನು. ಎಲ್ಲರೂ ಊರಿಗೆ ಮರಳಬೇಕೆಂದೂ ನಾನು ಹೇಳುತ್ತಿಲ್ಲ. ಎಷ್ಟೋ ಜನರಿಗೆ ಮರಳಲು ಊರೇ ಉಳಿದಿಲ್ಲ. ಆದರೆ ಅವರು ಎಳೆಯುತ್ತಿರುವ ಕಾಲಿನ ಗೆರೆಯತ್ತ ಒಮ್ಮೆ ಬಗ್ಗಿ ನೋಡುವುದರಲ್ಲಿ ನಷ್ಟವಿಲ್ಲ.

ಹೊಲವನ್ನು ನಾನು ಮಾರಲಿಲ್ಲ. ಸಾಲ ತೀರಲು ಇನ್ನಷ್ಟು ವರ್ಷಗಳು ಹಿಡಿದವು, ಅಷ್ಟೆ. ನಿವೃತ್ತನಾದ ಮೇಲೆ ಆಗಾಗ ಹೋಗಿ ಮಣ್ಣಿನ ಮಾದರಿ ತೆಗೆದು ಪರೀಕ್ಷೆಗೆ ಕೊಡುತ್ತೇನೆ. ಮೇಲಿನ ಕಸಕಡ್ಡಿ, ಧೂಳನ್ನು ಸರಿಸಿ, ಅರ್ಧ ಅಡಿಯಷ್ಟು ಗುಂಡಿ ತೋಡಿ, ಅದರ ಗೋಡೆಯಿಂದ ಮಣ್ಣು ತೆಗೆಯಬೇಕೆಂದು ಅವರು ಕೊಡುವ ಸೂಚನೆಯಲ್ಲಿಯೂ ಇದೆ. ಮೊದಲ ಬಾರಿ ಅದನ್ನು ಓದಿದಾಗ ಹೊಲದ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ತಂದೆ ಕಣ್ಮುಂದೆ ಬಂದರು.

ಕಳೆದ ಬಾರಿ ಮೊಮ್ಮಗಳೂ ಜತೆಗಿದ್ದಳು. ಮಂಗಳದಲ್ಲಿ ಯಾರಾದರೂ ಇದ್ದಾರಾ ತಾತ ಎಂದು ಕೇಳಿದಳು. ಗೊತ್ತಿಲ್ಲ ಮಗು, ಆದರೆ ಒಂದಾನೊಂದು ಕಾಲದಲ್ಲಿ ಇರಬಹುದಾಗಿತ್ತು ಎಂದು ಮಾತ್ರ ಗೊತ್ತಾಗಿದೆ ಎಂದೆ. ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ನಾನು ತೋಡಿದ ಗುಂಡಿಯೊಳಗೆ ಕೈಯಿಟ್ಟು ಒಂದು ಹಿಡಿ ತೇವದ ಮಣ್ಣು ತೆಗೆದಳು. ಅದರೊಳಗಿನಿಂದ ಎರೆಹುಳುವೊಂದು ಹೊರಳಿ ಹೊರಬಂದಿತು. “ಇಲ್ಲಿದ್ದಾರೆ!” ಎಂದು ಕೂಗಿದಳು.